ಜಿಲ್ಲೆ ಮುಂದುವರಿದಿದೆ ಅಂತಾರೆ, ನಮ್ಮ ಕಣಿವೆ ಯಾಕೆ ಖಾಲಿ ಆಗುತ್ತಿದೆ?

ಗರ್ವಾಲೆ ಕಣಿವೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಕೊಡಗಿನ ಮಾದಾಪುರ ದಾಟಿ ಗರ್ವಾಲೆ, ಸೂರ್ಲಬ್ಬಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮೂರೂವರೆ ಎಕರೆ ಕಾಫಿ, ನಡುವೆ ಮೆಣಸಿನ ಬಳ್ಳಿ, ಕೆಳಗೆ ಒಂದು ಎಕರೆ ಗದ್ದೆ. ಗದ್ದೆ ಪಾಳು ಬಿಟ್ಟು ಏಳು ವರ್ಷ ಆಯಿತು. ನಾಟಿಗೆ ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಭತ್ತ ಬೆಳೆದರೆ ಅಸಲೂ ಬರುವುದಿಲ್ಲ.

ಈ ಸಲದ ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ದಿನ ನಡೆದದ್ದು ಹೇಳುತ್ತೇನೆ. ಕದಿರು ಕೊಯ್ಯಲು ನಮ್ಮ ಸುತ್ತಿನಲ್ಲಿ ಉಳಿದದ್ದು ಒಂದೇ ಗದ್ದೆ. ಎಲ್ಲರೂ ಟಾರ್ಚ್ ಹಿಡಿದು ಅಲ್ಲಿಗೇ ಹೋದೆವು. ಮೊದಲು ಒಂದೊಂದು ಮನೆಯವರು ಅವರವರ ಗದ್ದೆಗೆ ಇಳಿಯುತ್ತಿದ್ದರು. 'ಪೊಲಿ ಪೊಲಿ ದೇವಾ' ಅನ್ನುವ ಕೂಗು ಈ ಗುಡ್ಡದಿಂದ ಆ ಗುಡ್ಡಕ್ಕೆ ಕೇಳುತ್ತಿತ್ತು. ಈ ವರ್ಷ ಒಂದೇ ಕಡೆ ಕೂಗು. ಹದಿನಾಲ್ಕು ಮನೆಯಲ್ಲಿ ಆರಕ್ಕೆ ಬೀಗ. ಬೀಗ ಹಾಕಿದ ಬಾಗಿಲಿಗೂ ನಮ್ಮ ಅಮ್ಮ ಒಂದೊಂದು ಕದಿರು ಕಟ್ಟಿ ಬಂದರು.

ಕಾಫಿಗೆ ಬೆಲೆ ಇಲ್ಲದ ಕಾಲ ಆಗಿದ್ದರೆ ಅರ್ಥ ಆಗುತ್ತಿತ್ತು. ಆದರೆ 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ನಮ್ಮ ಅಪ್ಪ ಕಂಡೇ ಇರದಷ್ಟು ಮೇಲೆ ಹೋಯಿತು. ಸಾಲ ತೀರಿಸಿದವರು ಇದ್ದಾರೆ, ಹೊಸ ಜೀಪ್ ತಂದವರು ಇದ್ದಾರೆ. ಬೀಗ ಹಾಕಿದ ಒಂದು ಮನೆಯೂ ತೆರೆಯಲಿಲ್ಲ. ಹಾಗಾದರೆ ಬೆಲೆ ಒಂದೇ ಸಮಸ್ಯೆ ಅಲ್ಲ, ಅಲ್ವಾ?

2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಹತ್ತು ವರ್ಷದಲ್ಲಿ ಇಡೀ ಜಿಲ್ಲೆಗೆ ಸೇರಿದ್ದು ಆರು ಸಾವಿರಕ್ಕೂ ಕಡಿಮೆ ಜನ. ಅದೇ ಹತ್ತು ವರ್ಷದಲ್ಲಿ ರಾಜ್ಯ ಶೇ. 15ಕ್ಕಿಂತ ಜಾಸ್ತಿ ಬೆಳೆಯಿತು. ಕುಶಾಲನಗರ ಬೆಳೆದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಹಾಗಾದರೆ ಕರಗಿದ್ದು ಯಾವ ಊರುಗಳು? ನಮ್ಮಂಥವು.

ಆದರೂ ಕಾಗದದ ಮೇಲೆ ನಾವು ಮುಂದುವರಿದವರು. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಕೊಡಗಿನ ಆಗಿನ ಮೂರು ತಾಲ್ಲೂಕುಗಳಲ್ಲಿ ಒಂದೂ ಅದರಲ್ಲಿ ಇಲ್ಲ. ಸೋಮವಾರಪೇಟೆ ತಾಲ್ಲೂಕಿನ ಲೆಕ್ಕದಲ್ಲಿ ಆಗ ಕುಶಾಲನಗರವೂ ಇತ್ತು, ಸೂರ್ಲಬ್ಬಿಯೂ ಇತ್ತು. ಎರಡನ್ನೂ ಕೂಡಿಸಿ ಭಾಗಿಸಿದರೆ ಸೂರ್ಲಬ್ಬಿ ಎಲ್ಲಿ ಕಾಣುತ್ತದೆ? ದೀಪದ ಬುಡದಲ್ಲಿ ಕತ್ತಲೆ ಅನ್ನುವ ಹಾಗೆ.

2018ರ ಆಗಸ್ಟ್‌ನಲ್ಲಿ ನಮ್ಮ ಕಡೆಯ ಬೆಟ್ಟಗಳು ಜರಿದಾಗ ಎಲ್ಲರೂ ಬಂದರು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅಕ್ಕಿ ಬಂತು, ಕಂಬಳಿ ಬಂತು, ಆಮೇಲೆ ಮನೆಯೂ ಬಂತು. ಕೊಟ್ಟವರನ್ನು ನಾವು ಯಾವತ್ತೂ ಮರೆಯುವುದಿಲ್ಲ. ಆದರೆ ಮನೆ ಒಂದು ಕಡೆ, ತೋಟ ಇನ್ನೊಂದು ಕಡೆ ಆದಮೇಲೆ ಜೀವನ ಹೇಗೆ ಅನ್ನುವ ಪ್ರಶ್ನೆಯನ್ನು ಯಾರೂ ಕೈಗೆ ಎತ್ತಿಕೊಳ್ಳಲಿಲ್ಲ.

ಪ್ರಾದೇಶಿಕ ಅಸಮತೋಲನದ ಬಗ್ಗೆ ಹೊಸದಾಗಿ ನೋಡಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಸಮಿತಿ ಮಾಡಿತು. ಅದಕ್ಕೇ ಈ ಮಾತು ಎತ್ತಿದೆ. ನಮ್ಮ ಪಂಚಾಯ್ತಿಯಲ್ಲೂ ಮುಂದಿನ ಗ್ರಾಮಸಭೆಗೆ ಒಂದು ಬೇಡಿಕೆ ಬರೆದು ಕೊಡಬೇಕು ಅಂತ ಮಾತಾಗಿದೆ. ನಮ್ಮಂಥ ಕಣಿವೆಗೆ ಒಂದಿಷ್ಟು ದುಡ್ಡು ಬಂದರೆ ಮೊದಲು ಯಾವುದಕ್ಕೆ ಹಾಕಬೇಕು? ಸುಮ್ನೆ 'ಅಭಿವೃದ್ಧಿ ಆಗಬೇಕು' ಅನ್ನಬೇಡಿ. ಮೊದಲ ಕೆಲಸ ಯಾವುದು ಅಂತ ಹೇಳಿ.

ಗೋಣಿಕೊಪ್ಪ ಮೇಷ್ಟ್ರು

ತಮ್ಮಾ, ಬರೆದದ್ದು ಓದಿ ಮನಸ್ಸು ಭಾರ ಆಯಿತು. ಬೀಗ ಹಾಕಿದ ಮನೆಗೆ ಕದಿರು ಕಟ್ಟಿದ ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ನಂಜುಂಡಪ್ಪನವರ ವರದಿ ನಮಗೆ ಅನ್ಯಾಯ ಮಾಡಿತು ಅನ್ನುವ ಹಾಗೆ ಓದಬೇಡ. ಅವರು 35 ಮಾನದಂಡ ಇಟ್ಟುಕೊಂಡು ಅಳೆದರು. ತೀರಾ ಹಿಂದುಳಿದ 39 ತಾಲ್ಲೂಕುಗಳಲ್ಲಿ ಹೆಚ್ಚಿನವು ಉತ್ತರದವು. ನಾನು ಕೆಲಸದ ಮೊದಲ ವರ್ಷಗಳಲ್ಲಿ ರಾಯಚೂರು ಕಡೆ ಪಾಠ ಮಾಡಿದವನು. ಮಧ್ಯಾಹ್ನ ಆದಮೇಲೆ ತರಗತಿಯಲ್ಲಿ ಅರ್ಧ ಮಕ್ಕಳು ಇರುತ್ತಿರಲಿಲ್ಲ, ಹೊಲಕ್ಕೆ ಹೋಗುತ್ತಿದ್ದರು. ಅಲ್ಲಿಯ ಬಡತನವೇ ಬೇರೆ. ಆ ವರದಿ ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಕೇಳಿತು. ಆಮೇಲೆ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371-ಜೆ ಸೇರಿಸಿತು, ಆ ಭಾಗದವರಿಗೆ ಓದು, ಕೆಲಸದಲ್ಲಿ ಮೀಸಲಾತಿ ಕೊಡುವ ವಿಧಿ. ಕಲ್ಯಾಣ ಕರ್ನಾಟಕದ ಎಷ್ಟೋ ಮಕ್ಕಳು ಅದರಿಂದ ಇವತ್ತು ಡಾಕ್ಟರು, ಇಂಜಿನಿಯರು ಆಗಿದ್ದಾರೆ. ಅವರ ತಟ್ಟೆಯಿಂದ ನಮಗೆ ಬಡಿಸಿ ಅಂತ ಕೇಳಬಾರದು.

ನಿನ್ನ ಪ್ರಶ್ನೆ ಬೇರೆ, ಅದು ಸರಿಯಾದ ಪ್ರಶ್ನೆ. ಅಳೆಯುವ ಕೋಲು ತಾಲ್ಲೂಕಿಗೆ ನಿಂತರೆ ಸಾಲದು, ಪಂಚಾಯ್ತಿವರೆಗೆ ಇಳಿಯಬೇಕು. ಶಾಲೆಗೆ ಎಷ್ಟು ದೂರ, ಬಸ್ಸು ದಿನಕ್ಕೆ ಎಷ್ಟು ಸಲ, ಎಷ್ಟು ಮನೆಗೆ ಬೀಗ, ಎಷ್ಟು ಎಕರೆ ಗದ್ದೆ ಪಾಳು. ಈ ನಾಲ್ಕು ಲೆಕ್ಕ ಯಾವ ಪಂಚಾಯ್ತಿಯವರೂ ಒಂದು ವಾರದಲ್ಲಿ ಬರೆಯಬಹುದು.

ಪಕ್ಕದ ವಯನಾಡನ್ನೇ ನೋಡು. ಅದೇ ಕಾಡು, ಅದೇ ಕಾಫಿ, ಅದೇ ಮೆಣಸು. ಹಿಂದುಳಿದವು, ವಿಶೇಷ ಗಮನ ಬೇಕು ಅಂತ 2018ರಲ್ಲಿ ಕೇಂದ್ರ ಆರಿಸಿದ 112 ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕೇರಳದಿಂದ ಇರುವುದು ವಯನಾಡು ಒಂದೇ. ನಮ್ಮ ರಾಜ್ಯದಿಂದ ರಾಯಚೂರು ಮತ್ತು ಯಾದಗಿರಿ. ಕುಟ್ಟದ ಹತ್ತಿರ ಗಡಿ ದಾಟಿದರೆ ಬೆಟ್ಟ ಬದಲಾಗುವುದಿಲ್ಲ, ಪಟ್ಟಿ ಬದಲಾಗುತ್ತದೆ.

ಲೈನ್‌ಮನೆ ಸಿದ್ದಾಪುರ

ಅಣ್ಣ, ನಿಮ್ಮ ಊರಿನ ನೋವು ಗೊತ್ತಾಗುತ್ತದೆ. ಆದರೆ ಇಲ್ಲಿಯವರೆಗೆ ಬಂದ ಮಾತಿನಲ್ಲಿ ನಮ್ಮವರು ಎಲ್ಲೂ ಇಲ್ಲ. ಅದನ್ನು ಹೇಳಲೇಬೇಕು.

ನಾನು ಹುಟ್ಟಿದ್ದು ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆ ಜಾಗ, ಹಿಂದೆ ಚರಂಡಿ. ಅಜ್ಜಿ ಆ ತೋಟದಲ್ಲಿ ಕಾಫಿ ಕುಯ್ದರು, ಅಮ್ಮ ಕುಯ್ದರು, ಈಗ ನನ್ನ ಅಕ್ಕ ಕುಯ್ಯುತ್ತಾಳೆ. ಮೂರು ತಲೆಮಾರು ಆದರೂ ನಮ್ಮ ಹೆಸರಿನಲ್ಲಿ ಒಂದು ಸೆಂಟ್ ಜಾಗ ಇಲ್ಲ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ದೊಡ್ಡ ತೋಟದವರು ಕೆಲಸದವರಿಗೆ ಮನೆ ಕೊಡಬೇಕು ಅಂತ 1951ರ ಕಾಯ್ದೆಯಲ್ಲೇ ಬರೆದಿದ್ದರು. ಮನೆ ಸಿಕ್ಕಿತು, ನಿಜ. ಆದರೆ ಅದೇ ಮನೆ ನಮ್ಮನ್ನು ಅಲ್ಲೇ ಕಟ್ಟಿಹಾಕಿತು.

ಬೆಲೆ ಏರಿದ ವರ್ಷ ಅಕ್ಕ ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಹೋಗಿ ಸಂಜೆ ಚೀಲ ತೂಗಿಸಿದಾಗ ಕೆಜಿಗೆ ಸಿಕ್ಕಿದ್ದು ಹಿಂದಿನ ವರ್ಷಕ್ಕಿಂತ ಒಂದು ರೂಪಾಯಿ ಜಾಸ್ತಿ. ತೋಟದವರಿಗೆ ಬೆಲೆ ಎಷ್ಟು ಏರಿತು ಅಂತ ನಿಮಗೇ ಗೊತ್ತು. ಯಾರ ಮೇಲೂ ಸಿಟ್ಟಿನಿಂದ ಹೇಳುತ್ತಿಲ್ಲ. ನಮ್ಮ ತೋಟದವರು ಒಳ್ಳೆಯವರು. ಅಮ್ಮನ ಆಪರೇಷನ್‌ಗೆ ಅವರೇ ದುಡ್ಡು ಕೊಟ್ಟರು. ಆದರೆ ಅದು ಅವರ ಒಳ್ಳೆಯತನ, ನಮ್ಮ ಹಕ್ಕಲ್ಲ.

2019ರಲ್ಲಿ ಕರಡಿಗೋಡು, ಕುಂಬಾರಗುಂಡಿಯಲ್ಲಿ ಕಾವೇರಿ ಉಕ್ಕಿದಾಗ ಹೊಳೆದಡದ ಮನೆಗಳು ಹೋದವು. ಹೊಳೆದಡದಲ್ಲಿ ಯಾರೂ ಆಸೆಪಟ್ಟು ಮನೆ ಕಟ್ಟುವುದಿಲ್ಲ. ಬೇರೆ ಜಾಗ ಇಲ್ಲದೆ ಕಟ್ಟುತ್ತಾರೆ. ದಿಡ್ಡಳ್ಳಿ ನೆನಪಿದೆಯಾ? 2016ರ ಡಿಸೆಂಬರ್‌ನಲ್ಲಿ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತರು. ಅವರಲ್ಲಿ ತುಂಬಾ ಜನ ಲೈನ್ ಮನೆ ಬಿಟ್ಟು ಬಂದ ಯರವರು, ಜೇನುಕುರುಬರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಟ್ಟರು. ನನ್ನ ಗೆಳೆಯ ಅಲ್ಲಿದ್ದಾನೆ. ಮನೆ ಚೆನ್ನಾಗಿದೆ ಅನ್ನುತ್ತಾನೆ. ಕೆಲಸಕ್ಕೆ ಬೆಳಿಗ್ಗೆ ಐದೂವರೆಗೆ ಪಿಕಪ್ ಹತ್ತಿ ಈ ಕಡೆಗೇ ಬರುತ್ತಾನೆ.

ನೀವು ಮೊದಲ ಕೆಲಸ ಯಾವುದು ಅಂತ ಕೇಳಿದಿರಿ. ಊರಿನಲ್ಲಿ ಉಳಿಯಲು ಸಿದ್ಧ ಇರುವವರಿಗೆ ಮೂರು ಸೆಂಟ್ ಜಾಗ, ಅವರ ಹೆಸರಿನಲ್ಲಿ. ನಮ್ಮ ಪ್ರಕಾರ ಅದೇ ಮೊದಲು. ನಿಮ್ಮ ಆರು ಮನೆಗೆ ಬೀಗ ಬಿದ್ದಿದೆ. ನಮಗೆ ಬೀಗ ಹಾಕಲೂ ಒಂದು ಬಾಗಿಲು ಇಲ್ಲ.

ಗರ್ವಾಲೆ ಕಣಿವೆ

ತಮ್ಮಾ, ಕೊನೆಯ ಸಾಲು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನಮ್ಮ ಕಡೆ ಕೂಡ ಈಗ ಕುಯ್ಲಿಗೆ ಬರುವುದು ಅಸ್ಸಾಂ ಕಡೆಯವರು. ಡಿಸೆಂಬರ್‌ನಲ್ಲಿ ಬರುತ್ತಾರೆ, ಮಾರ್ಚ್‌ನಲ್ಲಿ ಹೋಗುತ್ತಾರೆ. ಕಣಿವೆ ಖಾಲಿ ಆಗುತ್ತಿದೆ ಅಂತ ನಾನು ಬರೆಯುವಾಗ ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನೀನು ಹೇಳಿದ್ದನ್ನು ಬೇಡಿಕೆಯಲ್ಲಿ ಸೇರಿಸುತ್ತೇನೆ. ನಮ್ಮ ಪಂಚಾಯ್ತಿಯಲ್ಲಿ ಪೈಸಾರಿ, ಅಂದರೆ ಸರ್ಕಾರಿ ಜಾಗ ಎಲ್ಲೆಲ್ಲಿ ಉಳಿದಿದೆ ಅಂತ ಕೇಳಿ ನೋಡುತ್ತೇನೆ.

ಕೂಡ್ಲೂರು ರೋಸ್ಟರ್

ಕುಶಾಲನಗರದ ಕೂಡ್ಲೂರಿನಲ್ಲಿ ಸಣ್ಣದಾಗಿ ಕಾಫಿ ಹುರಿದು ಪುಡಿ ಮಾಡುವ ಕೆಲಸ ನನ್ನದು. ನಾನು ನೋಡಿದ್ದನ್ನು ಹೇಳುತ್ತೇನೆ.

ಸಣ್ಣ ಬೆಳೆಗಾರ ಕಾಫಿ ಮಾರುವುದು ಹೇಗೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಣದಲ್ಲಿ ಒಣಗಿಸಿದ ಚೆರ್ರಿಯನ್ನು ಚೀಲ ತುಂಬಿ ಅಂಗಡಿಗೆ ತರುತ್ತಾರೆ. ಅಂಗಡಿಯವರು ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಸ್ಯಾಂಪಲ್ ತೆಗೆಯುತ್ತಾರೆ. ತೇವ ನೋಡುವ ಮೀಟರಿಗೆ ಹಾಕುತ್ತಾರೆ. ಸಣ್ಣ ಮೆಷಿನ್‌ನಲ್ಲಿ ಸಿಪ್ಪೆ ಬಿಡಿಸಿ ಬೀಜ ತೂಗುತ್ತಾರೆ. ಅದಕ್ಕೆ ಓಟಿ ಅನ್ನುತ್ತೇವೆ. 50 ಕೆಜಿ ಚೆರ್ರಿಗೆ ಎಷ್ಟು ಕೆಜಿ ಬೀಜ ಬರುತ್ತದೆ ಅನ್ನುವ ಲೆಕ್ಕ. 26 ಬಂದರೆ ಒಂದು ದುಡ್ಡು, 27 ಬಂದರೆ ಇನ್ನೊಂದು. ಆ ಎರಡು ನಿಮಿಷ ಬೆಳೆಗಾರ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ವರ್ಷದ ದುಡಿಮೆ ಆ ಒಂದು ಹಿಡಿಯಲ್ಲಿ ತೀರ್ಮಾನ ಆಗುತ್ತದೆ. ಅಲ್ಲಿಗೆ ಅವನ ಪಾಲು ಮುಗಿಯಿತು.

ಆಮೇಲೆ ಆ ಕಾಫಿ ಕ್ಯೂರಿಂಗ್‌ಗೆ, ಅಂದರೆ ಸಿಪ್ಪೆ ಬಿಡಿಸಿ ವಿಂಗಡಿಸಲು ಹೋಗುತ್ತದೆ. ಕೂಡ್ಲೂರಿನಲ್ಲಿ ಸ್ವಲ್ಪ, ಹಾಸನ ಕಡೆಗೆ ಸ್ವಲ್ಪ. ಹೆಚ್ಚಿನದು ಹುರಿಯದ ಬೀಜವಾಗಿಯೇ ಹಡಗು ಹತ್ತುತ್ತದೆ. ದೇಶದ ಕಾಫಿಯಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದು. ಹುರಿಯುವುದು, ಪುಡಿ ಮಾಡುವುದು, ಪ್ಯಾಕೆಟ್ ಕಟ್ಟುವುದು, ಹೆಸರು ಹಾಕುವುದು, ಎಲ್ಲ ಬೇರೆ ಕಡೆ. ಸಂಬಳ ಬರುವ ಕೆಲಸಗಳು ಇರುವುದೇ ಅಲ್ಲಿ. ಡಿಗ್ರಿ ಮಾಡಿದ ಹುಡುಗಿ ಇಲ್ಲಿ ಉಳಿಯಬೇಕಾದರೆ ಅವಳಿಗೆ ಬೇಕಾದದ್ದು ಆ ಕೆಲಸ. ಕುಯ್ಲಿನ ಕೆಲಸ ಅಲ್ಲ.

1990ರ ದಶಕದ ಆರಂಭದವರೆಗೆ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ತಾವೇ ಮಾರುವ ಹಾಗಿರಲಿಲ್ಲ. ಆ ಕಟ್ಟು ಬಿಚ್ಚಿ ಸುಮಾರು ಮೂವತ್ತು ವರ್ಷ ಆಯಿತು. ನಾವು ಮಾತ್ರ ಇನ್ನೂ ಚೀಲ ಕಟ್ಟಿ ಕಳಿಸುವ ಅಭ್ಯಾಸ ಬಿಟ್ಟಿಲ್ಲ.

2019ರಲ್ಲಿ ಕೊಡಗು ಅರೇಬಿಕಾಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಸಂತೋಷ. ಆದರೆ ಇಲ್ಲಿ ಜಾಸ್ತಿ ಬೆಳೆಯುವುದು ರೊಬಸ್ಟಾ. ಅದೇ ವರ್ಷ ರೊಬಸ್ಟಾಕ್ಕೆ ಗುರುತು ಪಡೆದದ್ದು ವಯನಾಡು. ಮೇಷ್ಟ್ರು ಹೇಳಿದ ಗಡಿ ಇಲ್ಲೂ ಬಂತು ನೋಡಿ.

ಮೊದಲ ಕೆಲಸ ಯಾವುದು ಅಂದರೆ ನನ್ನ ಉತ್ತರ ಇದು. ಮಾದಾಪುರದಂಥ ಒಂದು ಕಡೆ, ಸೊಸೈಟಿಯ ಹೆಸರಿನಲ್ಲಿ, ಸಿಪ್ಪೆ ಬಿಡಿಸುವ ಒಂದು ಹಲ್ಲರ್, ಬೀಜ ವಿಂಗಡಿಸುವ ಒಂದು ಗ್ರೇಡರ್, ಒಣಗಿಸುವ ಒಂದು ಡ್ರೈಯರ್, ಹುರಿಯುವ ಒಂದು 15 ಕೆಜಿ ರೋಸ್ಟರ್. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಒಬ್ಬರಿಗೆ ಘಟಕದ ಖರ್ಚಿನ ಶೇ. 35, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇದೆ. ಗುಂಪು, ಸಹಕಾರ ಸಂಘಗಳಿಗೂ ಅವಕಾಶ ಇದೆ. ದುಡ್ಡಿನ ಬಾಗಿಲು ಇದೆ, ಒಟ್ಟಾಗಿ ತಟ್ಟುವವರು ಬೇಕು. ನೆನಪಿಡಿ, ಹುರಿದಾಗ ನೂರು ಕೆಜಿಗೆ ಹದಿನೈದು ಇಪ್ಪತ್ತು ಕೆಜಿ ತೂಕ ಹೋಗುತ್ತದೆ. ಮಾರಾಟ ಕಷ್ಟ, ಮೊದಲ ಎರಡು ವರ್ಷ ಕೈ ಕಚ್ಚುತ್ತದೆ. ನನಗೂ ಕಚ್ಚಿತು. ಆದರೂ ಇವತ್ತು ನನ್ನ ಹತ್ತಿರ ಒಂಬತ್ತು ಜನ ವರ್ಷ ಪೂರ್ತಿ ಕೆಲಸ ಮಾಡುತ್ತಿದ್ದಾರೆ. ಒಂಬತ್ತರಲ್ಲಿ ಏಳು ಹೆಣ್ಣುಮಕ್ಕಳು.

ಗರ್ವಾಲೆ ಕಣಿವೆ

ಸರ್, ಡ್ರೈಯರ್ ಅಂದಿರಲ್ಲ, ಅದು ನಮಗೆ ಪ್ರಾಣ ಉಳಿಸುವ ಮಾತು. ಈಗ ಕುಯ್ಲಿನ ಕಾಲದಲ್ಲೇ ಮಳೆ ಬರುತ್ತಿದೆ. ಕಳೆದ ಸಲ ಕಣದಲ್ಲಿ ಹರಡಿದ ಹಣ್ಣಿನ ಮೇಲೆ ಮೂರು ದಿನ ಮಳೆ ಹೊಡೆಯಿತು. ರಾತ್ರಿ ಎದ್ದು ಟಾರ್ಪಾಲ್ ಎಳೆದೆವು. ಅಡಿಯಿಂದ ನೀರು ನುಗ್ಗಿತು. ಬೆಳಿಗ್ಗೆ ಟಾರ್ಪಾಲ್ ಎತ್ತಿದರೆ ಹಬೆ, ಹುಳಿ ವಾಸನೆ. ಕೈ ಹಾಕಿದರೆ ಬಿಸಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಕರಿಕೆ ಅಕ್ಕ

ಮೆಷಿನ್, ರೋಸ್ಟರ್ ಎಲ್ಲ ಒಳ್ಳೆಯದೇ. ನಾನು ಹೇಳುವುದು ಬಸ್ಸಿನ ಮಾತು.

ಕರಿಕೆ ಕೊಡಗಿನಲ್ಲಿದೆ ಅಂತ ಎಷ್ಟು ಜನಕ್ಕೆ ಗೊತ್ತು? ಭಾಗಮಂಡಲದಿಂದ ಘಾಟಿ ಇಳಿದು ಬರಬೇಕು. ಕೆಳಗೆ ಹೋದರೆ ಕೇರಳದ ಪಾಣತ್ತೂರು. ನಮಗೆ ಆಸ್ಪತ್ರೆ ಅಂದರೆ ಕಾಞಂಗಾಡ್ ಅಥವಾ ಸುಳ್ಯ, ಜೋರಾದರೆ ಮಂಗಳೂರು. ಮಡಿಕೇರಿಗೆ 2016ರಲ್ಲಿ ಮೆಡಿಕಲ್ ಕಾಲೇಜು ಬಂತು. ಭಾಗಮಂಡಲದಿಂದಲೇ ಮಡಿಕೇರಿಗೆ ಸುಮಾರು 40 ಕಿಲೋಮೀಟರ್. ಮಳೆಗಾಲದಲ್ಲಿ ಮರ ಬಿದ್ದರೆ ಘಾಟಿ ಬಂದ್. 2020ರಲ್ಲಿ ಕೊರೋನಾ ಅಂತ ಗಡಿ ಮುಚ್ಚಿದಾಗ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಅನ್ನುವ ಸ್ಥಿತಿ ನಮ್ಮದು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಮೈಸೂರಿನಲ್ಲಿ ಮನೆಕೆಲಸ ಮಾಡುವ ನನ್ನ ತಂಗಿಗೆ ತಿಂಗಳಿಗೆ ಸಾವಿರ ರೂಪಾಯಿ ಉಳಿಯುತ್ತದೆ. ನನಗೂ ಅದೇ ಹಕ್ಕಿದೆ. ಆದರೆ ಬಸ್ಸು ಬಂದರೆ ತಾನೇ? ಒಂದೇ ಯೋಜನೆ ಪಟ್ಟಣದವಳಿಗೆ ಸಾವಿರ ಕೊಟ್ಟಿತು, ನನಗೆ ಏನೂ ಇಲ್ಲ. ಪ್ರದೇಶಗಳ ನಡುವಿನ ಅಂತರ ಅಂದರೆ ನನಗೆ ಅರ್ಥವಾಗುವುದು ಹೀಗೆ.

ನಮ್ಮ ಸ್ವಸಹಾಯ ಗುಂಪಿನಲ್ಲಿ ಹನ್ನೆರಡು ಜನ ಇದ್ದೇವೆ. ಉಪ್ಪಿನಕಾಯಿ, ಅಡುಗೆಗೆ ಹಾಕುವ ಕಪ್ಪು ಹುಳಿಯಾದ ಕಾಚಂಪುಳಿ, ಹಪ್ಪಳ ಮಾಡುತ್ತೇವೆ. ಕಾಚಂಪುಳಿಗೆ ಎಷ್ಟು ಬೇಡಿಕೆ ಇದೆ ಗೊತ್ತಾ! ಪಣಪುಳಿ ಹಣ್ಣಿನ ರಸ ಇಳಿಸಿ, ಮಣ್ಣಿನ ಮಡಕೆಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಕಪ್ಪಗೆ ಗಟ್ಟಿ ಆಗುವವರೆಗೆ ಕಲಕುತ್ತಾ ಇರಬೇಕು. ಹೊಗೆಯಲ್ಲಿ ಕಣ್ಣು ಉರಿಯುತ್ತದೆ. ಮಾಡಿದ ಬಾಟಲಿಯನ್ನು ಮಡಿಕೇರಿ ಅಂಗಡಿಗೆ ತಲುಪಿಸಲು ಜೀಪ್ ಬಾಡಿಗೆ ಕೊಟ್ಟರೆ ಲಾಭ ಪೂರ್ತಿ ಜೀಪಿಗೆ. ಹಾಗಾಗಿ ವ್ಯಾಪಾರಿ ಬಂದಾಗ ಅವನು ಹೇಳಿದ ಬೆಲೆಗೆ ಕೊಡುತ್ತೇವೆ.

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಹೇಳಿದ ಹೊತ್ತಿಗೆ ಬರುವ ಮೂರು ಬಸ್ಸು. ಹೆಣ್ಣುಮಕ್ಕಳು ಪಿಯುಸಿ ಬಿಡುವುದಿಲ್ಲ. ಬಾಣಂತಿ ಚೆಕಪ್ ತಪ್ಪಿಸುವುದಿಲ್ಲ. ಕಾಚಂಪುಳಿ ಮಡಿಕೇರಿಗೆ ಹೋಗುತ್ತದೆ. ಬಸ್ಸಿಗೆ ನಷ್ಟ ಅನ್ನುತ್ತಾರೆ. ನಷ್ಟ ಆಗಲಿ, ಆ ನಷ್ಟವನ್ನೇ ನಮ್ಮ ಊರಿನ ಅಭಿವೃದ್ಧಿ ಖರ್ಚು ಅಂತ ಬರೆದುಕೊಳ್ಳಲಿ.

ಬೆಂಗಳೂರಲ್ಲಿ ಸೋಮವಾರಪೇಟೆ

ಬೀಗ ಹಾಕಿದ ಮನೆಗಳಲ್ಲಿ ಒಂದು ನಮ್ಮದು ಅಂತ ಇಟ್ಟುಕೊಳ್ಳಿ. ಶಾಂತಳ್ಳಿ ಹತ್ತಿರ ನಮ್ಮ ಊರು. ನಾನು ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಬರಬೇಕು ಅಂತ ಆಸೆ ಇದೆ. ಆದರೆ ಅಮ್ಮನ ಮನೆಯಲ್ಲಿ ನೆಟ್‌ವರ್ಕ್ ಸಿಗಲು ಮೇಲಿನ ತೋಟದ ಬಂಡೆ ಹತ್ತಬೇಕು. ಮನೆಯಿಂದ ಕೆಲಸ ಮಾಡು ಅಂತ ಕಂಪನಿ ಹೇಳಿದ ವರ್ಷ ಬಂದಿದ್ದೆ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಇಲ್ಲ. ಐದನೇ ದಿನ ವಾಪಸ್ ಹೋದೆ. ಆ ದಿನ ಅಮ್ಮ ಏನೂ ಅನ್ನಲಿಲ್ಲ, ಗೇಟಿನವರೆಗೆ ಬಂದು ನಿಂತರು.

ಜಪಾನಿನಲ್ಲಿ 2008ರಿಂದ ಒಂದು ವ್ಯವಸ್ಥೆ ಇದೆ. ಫುರುಸಾತೊ ನೋಜೆ ಅನ್ನುತ್ತಾರೆ, ತವರೂರಿನ ತೆರಿಗೆ ಅಂತ ಅರ್ಥ. ನಗರದಲ್ಲಿ ದುಡಿಯುವವರು ತಮ್ಮ ಊರಿಗೋ ಇಷ್ಟವಾದ ಬೇರೆ ಊರಿಗೋ ದುಡ್ಡು ಕಳಿಸಬಹುದು. ಮೊದಲ 2,000 ಯೆನ್ ಬಿಟ್ಟು ಉಳಿದದ್ದು, ಒಂದು ಮಿತಿಯವರೆಗೆ, ಅವರು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಆಗುತ್ತದೆ. ದುಡ್ಡು ಶಾಲೆಗೆ ಹೋಗಬೇಕಾ, ಕಾಡಿಗಾ, ಮುದುಕರ ಆರೈಕೆಗಾ ಅಂತ ಹೇಳಲು ಎಷ್ಟೋ ಊರುಗಳು ಅವಕಾಶ ಕೊಡುತ್ತವೆ. ಊರಿನವರು ಅಲ್ಲಿಯ ಅಕ್ಕಿ, ಹಣ್ಣು, ಮೀನು ಉಡುಗೊರೆ ಕಳಿಸುತ್ತಾರೆ. ಈಗ ವರ್ಷಕ್ಕೆ ಒಂದು ಲಕ್ಷ ಕೋಟಿ ಯೆನ್ ದಾಟಿದೆ.

ನನ್ನ ಸಂಬಳದಿಂದ ಪ್ರತಿ ತಿಂಗಳು ತೆರಿಗೆ ಹೋಗುತ್ತದೆ. ಅದರಲ್ಲಿ ಒಂದು ಸಣ್ಣ ಪಾಲು ಶಾಂತಳ್ಳಿ ಪಂಚಾಯ್ತಿಗೆ ಹೋಗಲಿ ಅಂತ ಹೇಳುವ ಹಕ್ಕು ನನಗೆ ಇದ್ದಿದ್ದರೆ! ನನ್ನನ್ನು ಹತ್ತನೇ ತರಗತಿವರೆಗೆ ಓದಿಸಿದ್ದು ಆ ಊರು. ನನ್ನ ದುಡಿಮೆಯ ಫಲ ಪೂರ್ತಿ ಬೆಂಗಳೂರಿನದು.

ಗೋಣಿಕೊಪ್ಪ ಮೇಷ್ಟ್ರು

ಮಗಳೇ, ಒಳ್ಳೆಯ ಮಾತು. ಅದರ ಇನ್ನೊಂದು ಮುಖವನ್ನೂ ನೋಡಬೇಕು. ಜಪಾನಿನಲ್ಲಿ ಒಳ್ಳೆಯ ದನದ ಮಾಂಸ, ಏಡಿ ಕಳಿಸುವ ಊರುಗಳಿಗೆ ದುಡ್ಡು ಹರಿಯಿತು, ಕಳಿಸಲು ಏನೂ ಇಲ್ಲದ ಊರು ಹಾಗೇ ಉಳಿಯಿತು. ಉಡುಗೊರೆಯ ಪೈಪೋಟಿ ಜಾಸ್ತಿ ಆಗಿ 2019ರಲ್ಲಿ ಉಡುಗೊರೆ ಬೆಲೆ ಶೇ. 30 ಮೀರಬಾರದು ಅಂತ ಕಾನೂನು ಮಾಡಿದರು. ಇಲ್ಲಿ ಬಂದರೆ ಕೊಡಗಿಗೆ ಹರಿಯಬಹುದು, ಯಾದಗಿರಿಗೆ ಬರುತ್ತದಾ? ಆ ಭಯ ನನಗಿದೆ.

ಇಟಲಿಯ ಕಥೆಯನ್ನೂ ಹೇಳುತ್ತೇನೆ. ಉತ್ತರ ಶ್ರೀಮಂತ, ದಕ್ಷಿಣ ಬಡವ. 1950ರಲ್ಲಿ ದಕ್ಷಿಣಕ್ಕೆಂದೇ ಒಂದು ದೊಡ್ಡ ನಿಧಿ ಮಾಡಿದರು. ರಸ್ತೆ, ಅಣೆಕಟ್ಟು, ಕುಡಿಯುವ ನೀರು ಬಂತು. ಆ ಮೊದಲ ವರ್ಷಗಳಲ್ಲಿ ಫಲ ಕಂಡಿತು. ಆಮೇಲೆ ಸರ್ಕಾರ ದಕ್ಷಿಣಕ್ಕೆ ದೊಡ್ಡ ಕಾರ್ಖಾನೆಗಳನ್ನು ತಂದಿಟ್ಟಿತು. ಟಾರಂಟೊದಲ್ಲಿ ಉಕ್ಕಿನ ಕಾರ್ಖಾನೆ. ಸುತ್ತಲಿನ ಸಣ್ಣ ಊರುಗಳ ಕಸುಬಿಗೂ ಆ ಕಾರ್ಖಾನೆಗಳಿಗೂ ನಂಟೇ ಬೆಳೆಯಲಿಲ್ಲ. ಅಲ್ಲಿಯ ಜನರೇ ಅವನ್ನು 'ಮರುಭೂಮಿಯಲ್ಲಿ ಕಟ್ಟಿದ ಇಗರ್ಜಿ' ಅಂತ ಕರೆದರು. ಎಪ್ಪತ್ತು ವರ್ಷ ಕಳೆದರೂ ದಕ್ಷಿಣದವರ ಆದಾಯ ಉತ್ತರದವರ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ.

ನಮ್ಮಲ್ಲೂ ದೊಡ್ಡದೇನಾದರೂ ತನ್ನಿ ಅಂತ ಕೇಳುವವರು ಇದ್ದಾರೆ. ಕರಿಕೆಯ ತಾಯಿ ಕೇಳಿದ್ದು ಮೂರು ಬಸ್ಸು. ನನಗೆ ಅದೇ ಸರಿ ಕಾಣುತ್ತದೆ.

ಕಕ್ಕಬ್ಬೆ ಹೋಂಸ್ಟೇ

ಯಾರೂ ಪ್ರವಾಸೋದ್ಯಮದ ಹೆಸರೇ ಎತ್ತಲಿಲ್ಲ. ನಾವು ಹೋಂಸ್ಟೇ ನಡೆಸುವವರು. ತಡಿಯಂಡಮೋಳ್ ಬುಡದಲ್ಲಿ ಎರಡು ಕೋಣೆ. ಇದರಿಂದಲೇ ನಮ್ಮ ಮಗ ಊರಿಗೆ ವಾಪಸ್ ಬಂದ. ಬರುವವರಿಗೆ ಅಡುಗೆ ಮಾಡುವುದು ಪಕ್ಕದ ಮನೆಯವರು, ಜೇನು ಕೊಡುವುದು ಮೇಲಿನ ಮನೆಯವರು, ದಾರಿ ತೋರಿಸುವುದು ಆದಿವಾಸಿ ಹಾಡಿಯ ಹುಡುಗ. ನಾಲ್ಕು ಮನೆಗೆ ದುಡ್ಡು ಹಂಚಿಹೋಗುತ್ತದೆ.

ಆದರೆ ಹೊರಗಿನವರು ಬಂದು ಗುಡ್ಡ ಕಡಿದು ಐವತ್ತು ಕೋಣೆಯ ರೆಸಾರ್ಟ್ ಕಟ್ಟುವುದು ಬೇರೆ. ಅವರ ತರಕಾರಿ ಕೂಡ ಮೈಸೂರಿನಿಂದ ಬರುತ್ತದೆ. ಬೇಸಿಗೆಯಲ್ಲಿ ತೋಡಿನ ನೀರು ಅವರ ಟ್ಯಾಂಕಿಗೆ, ಕೆಳಗಿನ ಮನೆಗಳಿಗೆ ಕೆಸರು. ಭಾನುವಾರ ಸಂಜೆ ರಸ್ತೆ ಬದಿಯಲ್ಲಿ ಬಾಟಲಿ ಹೆಕ್ಕುವುದು ನಮ್ಮ ಪಂಚಾಯ್ತಿಯ ಇಬ್ಬರು ಹೆಂಗಸರು. ಮಡಿಕೇರಿ, ದುಬಾರೆ, ಮಾಂದಲಪಟ್ಟಿ ಕಡೆಗೆ ವಾರದ ಕೊನೆಗೆ ಕಾಲಿಡಲು ಜಾಗ ಇಲ್ಲ. ಅದೇ ದಿನ ಎಷ್ಟೋ ಊರಿಗೆ ಒಬ್ಬರೂ ಬರುವುದಿಲ್ಲ.

ಇನ್ನೊಂದು ಮಾತು. ನೀರಿನದು. ಹಾರಂಗಿ ಜಲಾಶಯ ತುಂಬಿದರೆ 8.5 ಟಿಎಂಸಿ. ಮಳೆ ಸುರಿಯುವುದು ನಮ್ಮ ಬೆಟ್ಟದ ಮೇಲೆ, ಗುಡ್ಡ ಕುಸಿಯುವುದು ನಮ್ಮ ಮನೆ ಮೇಲೆ, ಹೆಚ್ಚಿನ ನೀರು ಹೋಗುವುದು ಪಿರಿಯಾಪಟ್ಟಣ, ಕೆ.ಆರ್. ನಗರ, ಅರಕಲಗೂಡು ಕಡೆಗೆ. ಕಾವೇರಿ ಬೆಂಗಳೂರಿನ ನಲ್ಲಿಯವರೆಗೆ ಹೋಗುತ್ತಾಳೆ. ಹೋಗಲಿ, ನೀರು ಎಲ್ಲರದ್ದು. ಆದರೆ ಕಾಡು ಉಳಿಸಿ, ಗದ್ದೆಯಲ್ಲಿ ನೀರು ನಿಲ್ಲಿಸುವ ನಮ್ಮಂಥ ಊರಿಗೆ ಅದರ ಬಿಲ್ಲಿನಲ್ಲಿ ಲೀಟರಿಗೆ ಒಂದು ಪೈಸೆಯ ನೂರನೇ ಒಂದು ಭಾಗ ಬಂದರೂ ಬಸ್ಸು, ಡ್ರೈಯರ್ ಎರಡಕ್ಕೂ ಆಗುತ್ತದೆ. ಪಾಳು ಬಿದ್ದ ಗದ್ದೆಯನ್ನು ಮತ್ತೆ ಉಳುವವನಿಗೆ ಎಕರೆಗೆ ಇಷ್ಟು ಅಂತ ಕೊಡಬಹುದು. ಗದ್ದೆ ಇದ್ದರೆ ಅಂತರ್ಜಲ ಇರುತ್ತದೆ ಅಂತ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಲೈನ್‌ಮನೆ ಸಿದ್ದಾಪುರ

ಗದ್ದೆ ಉಳುವವರಿಗೆ ಕೊಡುವುದಾದರೆ ಒಂದು ಮಾತು ಸೇರಿಸಿ. ಗದ್ದೆ ಯಾರ ಹೆಸರಿನಲ್ಲಿದೆ ಅವರಿಗಲ್ಲ, ಉಳುವವರಿಗೆ. ಪಾಳು ಬಿಟ್ಟ ಗದ್ದೆಯನ್ನು ನಮ್ಮಂಥವರು ಐದು ಜನ ಸೇರಿ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಮಾಡಲು ರೆಡಿ ಇದ್ದೇವೆ. ಆನೆ ಬಂದು ತುಳಿದರೆ ಪರಿಹಾರ ಮಾತ್ರ ಪಹಣಿ ಇದ್ದವರ ಖಾತೆಗೆ ಹೋಗುತ್ತದೆ. ಅದಕ್ಕೇ ಯಾರೂ ಮುಂದೆ ಬರುವುದಿಲ್ಲ. ನಮ್ಮ ಕಡೆ ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ನಡೆಯಲು ಭಯ. ಕಳೆದ ವರ್ಷ ಅಕ್ಕನ ಮುಂದೆಯೇ ಹತ್ತು ಮಾರು ದೂರದಲ್ಲಿ ಒಂಟಿ ಸಲಗ ನಿಂತಿತ್ತು. ಅವಳು ಈಗಲೂ ನಿದ್ದೆಯಲ್ಲಿ ಬೆಚ್ಚುತ್ತಾಳೆ.

ಗರ್ವಾಲೆ ಕಣಿವೆ

ಎರಡು ದಿನ ಇದನ್ನೆಲ್ಲ ಮತ್ತೆ ಮತ್ತೆ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಬರೆಯಲು ಕೂತಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದು ಒಳ್ಳೆಯ ರಸ್ತೆ ಕೇಳೋಣ ಅಂತ. ಈಗ ಬೇಡಿಕೆ ಬದಲಾಗಿದೆ.

ನಿನ್ನೆ ಸಂಜೆ ನಾವು ಐದು ಮನೆಯವರು ಸೇರಿ ಲೆಕ್ಕ ಶುರು ಮಾಡಿದೆವು, ಮೇಷ್ಟ್ರು ಹೇಳಿದ ಹಾಗೆ. ನಮ್ಮ ವಾರ್ಡಿನಲ್ಲಿ 61 ಮನೆ, 23ಕ್ಕೆ ಬೀಗ. ಪಾಳು ಗದ್ದೆ 38 ಎಕರೆ. ಬಸ್ಸು ದಿನಕ್ಕೆ ಒಂದು ಸಲ, ಮಳೆ ಜೋರಾದರೆ ಅದೂ ಇಲ್ಲ. ಶಾಲೆಯಲ್ಲಿ ಏಳು ಮಕ್ಕಳು. ಏಳರಲ್ಲಿ ನಾಲ್ಕು ಮಕ್ಕಳು ತೋಟದ ಕೆಲಸಕ್ಕೆ ಹೊರಗಿನಿಂದ ಬಂದು ಇಲ್ಲೇ ಉಳಿದವರ ಮಕ್ಕಳು. ಇದು ನನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ. ನಮ್ಮ ಊರಿನ ಶಾಲೆ ಮುಚ್ಚದೆ ಉಳಿದಿರುವುದು ಆ ಮಕ್ಕಳಿಂದ. ಹಾಗಾದರೆ ಅವರ ಅಪ್ಪ ಅಮ್ಮನಿಗೆ ಜಾಗ ಕೊಡಿ ಅಂತ ಕೇಳುವುದು ನಮ್ಮ ಕೆಲಸ.

ಬೇಡಿಕೆಯಲ್ಲಿ ಈಗ ಮೂರೇ ಸಾಲು ಇದೆ. ಮಾದಾಪುರದ ಕಡೆ ಸೊಸೈಟಿ ಹೆಸರಿನಲ್ಲಿ ಡ್ರೈಯರ್ ಮತ್ತು ಹಲ್ಲರ್. ಬೆಳಿಗ್ಗೆ, ಸಂಜೆ ತಪ್ಪದ ಬಸ್ಸು. ಪೈಸಾರಿಯಲ್ಲಿ ಹನ್ನೊಂದು ಕುಟುಂಬಕ್ಕೆ ಮೂರು ಮೂರು ಸೆಂಟ್. ಮೂರನೇ ಸಾಲಿಗೆ ನಮ್ಮವರಲ್ಲೇ ಇಬ್ಬರು ಸಹಿ ಹಾಕಲಿಲ್ಲ. ಇವತ್ತು ಮತ್ತೆ ಹೋಗಿ ಮಾತಾಡುತ್ತೇನೆ.

ಕೂಡ್ಲೂರು ಸರ್, ಡ್ರೈಯರಿನ ಕೊಟೇಷನ್ ಎಲ್ಲಿ ಸಿಗುತ್ತದೆ ಅಂತ ಹೇಳಿ, ಬರುವ ವಾರ ನಿಮ್ಮ ಘಟಕ ನೋಡಲು ನಾಲ್ಕು ಜನ ಬರುತ್ತೇವೆ. ಕರಿಕೆ ಅಕ್ಕ, ನಿಮ್ಮ ಕಾಚಂಪುಳಿ ನಮಗೆ ಆರು ಬಾಟಲಿ ಬೇಕು. ಸಿದ್ದಾಪುರದ ತಮ್ಮ, ಶನಿವಾರ ಬಿಡುವಿದ್ದರೆ ಗ್ರಾಮಸಭೆಗೆ ಬಾ. ಸಂಜೆ ಬಸ್ಸು ಇರುವುದಿಲ್ಲ, ರಾತ್ರಿ ನಮ್ಮ ಮನೆಯಲ್ಲೇ ಉಳಿ.